ಸಹಿ ಅವರದು, ಪತ್ರ ನನ್ನದು

ವಿಜಯಪುರದ ಗಾಂಧಿ ಚೌಕದ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಕೋಣೆಯೇ ನನ್ನ ಜರ್ಮನ್ ಕ್ಲಾಸು. ಕೆಳಗೆ ಗಿರಾಕಿಗಳು ಕೊಡಗಳನ್ನು ಬಡಿದು ನೋಡುತ್ತಿರುತ್ತಾರೆ, ಮೇಲೆ ನಾನು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸುತ್ತಿರುತ್ತೇನೆ. ಬರುವವರೆಲ್ಲ ಜರ್ಮನಿಗೆ ಹೋಗಿ ನರ್ಸಿಂಗ್ ತರಬೇತಿ ಸೇರುವವರು. ಅಲ್ಲಿ ವಯಸ್ಸಾದವರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ, ತರಬೇತಿಯ ಮೊದಲ ತಿಂಗಳಿನಿಂದಲೇ ಪಗಾರ. ಇವರಲ್ಲಿ ಯಾರಿಗೂ ಆ ಭಾಷೆಯ ಮೇಲೆ ಮೋಹವಿಲ್ಲ. ಇರಲಿ ಎಂದು ನಾನೂ ಹಟ ಹಿಡಿದವಳಲ್ಲ, ಪರೀಕ್ಷೆ ಪಾಸಾದರೆ ಸಾಕು.

ಆ ಒಬ್ಬಳು ಮಾತ್ರ ಹಾಗಿರಲಿಲ್ಲ. ಬಬಲೇಶ್ವರದ ಟೇಲರ್ ಒಬ್ಬರ ಮಗಳು. ಊರ ಹೊರಗಿನ ಖಾಸಗಿ ಪದವಿ ಕಾಲೇಜಿನಲ್ಲಿ ನಾನು ವಾರಕ್ಕೆ ಮೂರು ತಾಸಿನ ಅತಿಥಿ ಉಪನ್ಯಾಸಕಿ. ಅಲ್ಲಿ ಇಂಗ್ಲಿಷ್ ಬಿ.ಎ. ಮಾಡುವಾಗ ಜರ್ಮನ್ ತೆಗೆದುಕೊಂಡವಳು, ಪದವಿ ಮುಗಿದ ಮೇಲೂ ನನ್ನ ಬೆನ್ನು ಬಿಡಲಿಲ್ಲ. ಒಂದು ಸಾಲೆಯಲ್ಲಿ ಅರ್ಧ ದಿನ ಕಲಿಸಿ, ಉಳಿದರ್ಧ ದಿನ ನನ್ನ ಕೋಣೆಯಲ್ಲಿ ಕೂತು, ನಾಲ್ಕು ವರ್ಷದಲ್ಲಿ ಆ ಭಾಷೆಯ ಆರು ಮೆಟ್ಟಿಲುಗಳಲ್ಲಿ ಐದನ್ನು ಹತ್ತಿದಳು.

ಆಕೆಯ ಬಳಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ಬಬಲೇಶ್ವರದಿಂದ ಬರುವ ಬಸ್ಸಿನಲ್ಲಿ ಕೇಳಿದ ಮಾತನ್ನೆಲ್ಲ ಅದರಲ್ಲಿ ಜರ್ಮನ್‌ನಲ್ಲಿ ಬರೆದಿಡುತ್ತಿದ್ದಳು. ಇದೇನು ಹುಚ್ಚು ಎಂದು ಕೇಳಿದ್ದಕ್ಕೆ, "ಬಸ್ಸಿನಾಗ ಜಗಳ ಭಾಳ ಚಲೋ ಆಗ್ತಾವ್ರಿ ಮ್ಯಾಡಮ್" ಅಂದಿದ್ದಳು. ಒಮ್ಮೆ ಒಬ್ಬ ಮುದುಕಿ ತನ್ನ ಕೋಳಿಗೆ ಟಿಕೆಟ್ ತೆಗೆಸುವುದಿಲ್ಲವೆಂದು ಕಂಡಕ್ಟರ್ ಜೊತೆ ಜೈನಾಪುರದವರೆಗೂ ಜಗಳಾಡಿದ್ದನ್ನು ಬರೆದು ತಂದಳು. ಓದಿ ನಾನು ದಂಗಾದೆ. ಆ ಮುದುಕಿ ಜರ್ಮನ್‌ನಲ್ಲೂ ಮುದುಕಿಯ ಹಾಗೆಯೇ ಮಾತಾಡುತ್ತಿದ್ದಳು. ಇಪ್ಪತ್ತು ವರ್ಷ ಕಲಿಸಿದ ನನಗೆ ಅದು ಬರುವುದಿಲ್ಲ, ನಿಜ ಹೇಳಬೇಕಲ್ಲ.

"ನಾ ನರ್ಸಿಂಗಿಗೆ ಹೋಗಂಗಿಲ್ರಿ. ಜರ್ಮನ್ ಎಂ.ಎ. ಮಾಡಾಕ ಹೋಗ್ತೇನ್ರಿ" ಅಂದಳು.

"ಮಾಡಿ ಏನ್ ಮಾಡ್ತಿ?"

"ಕಲಸ್ತೇನ್ರಿ. ನಿಮ್ಮಂಗ."

"ನನ್ನಂಗ ಆದ್ರ ಉಪಾಸ ಬೀಳ್ತಿ ನೋಡು" ಎಂದು ಬೈದೆ. ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ.

ಫೆಬ್ರವರಿಯಲ್ಲಿ ಅಲ್ಲಿನ ಒಂದು ವಿಶ್ವವಿದ್ಯಾಲಯ ಆಕೆಗೆ ಸೀಟು ಕೊಟ್ಟಿತು. ಅಕ್ಟೋಬರಿನಲ್ಲಿ ಕ್ಲಾಸು ಶುರು. ಬೋಧನಾ ಶುಲ್ಕ ಇಲ್ಲ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ, ಬಾಡಿಗೆಯ ಹಣವನ್ನು ಮುಂಚಿತವಾಗಿ ಅಲ್ಲಿನ ಖಾತೆಯೊಂದರಲ್ಲಿ ಕಟ್ಟಿ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷದ ಮೇಲೆ. ಇಲ್ಲವೇ ಯಾರಾದರೂ ವಿದ್ಯಾರ್ಥಿವೇತನ ಕೊಡುತ್ತೇವೆಂದು ಬರೆದುಕೊಟ್ಟ ಪತ್ರ ಬೇಕು. ಆ ಪತ್ರ ಹುಡುಕುವ ಕೆಲಸಕ್ಕೆ ನಾನು ಇಳಿದೆ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಾದ್ದರಿಂದ ನನಗೂ ಅದು ಹೊಸ ವಿದ್ಯೆಯೇ ಆಗಿತ್ತು.

ಮೊದಲು ವಿದೇಶ ವ್ಯಾಸಂಗದ ಒಂದು ಯೋಜನೆಗೆ ಅರ್ಜಿ ತುಂಬಲು ಕೂತೆವು. ವಿಷಯ ಆರಿಸುವ ಕಡೆ ಎಂಜಿನಿಯರಿಂಗ್ ಇತ್ತು, ವೈದ್ಯಕೀಯ ಇತ್ತು, ಕೃಷಿ ಇತ್ತು, ಮ್ಯಾನೇಜ್‌ಮೆಂಟ್ ಇತ್ತು. ಭಾಷೆ ಇರಲಿಲ್ಲ. 'ಇತರೆ' ಎಂಬ ಒಂದು ಸಾಲೂ ಇರಲಿಲ್ಲ. ಅರ್ಜಿ ತುಂಬಿಕೊಡುವ ಅಂಗಡಿಯವನು, "ಮ್ಯಾನೇಜ್‌ಮೆಂಟ್ ಅಂತ ಹಾಕಿ ಬಿಡ್ರಿ ಮ್ಯಾಡಮ್, ಯಾರ್ ನೋಡ್ತಾರ?" ಅಂದ. ಅವನಿಗೆ ಅಲ್ಲೇ ನಾಲ್ಕು ಮಾತು ಅಂದು ಎದ್ದು ಬಂದೆ. ಸುಳ್ಳು ಕಾಗದವೆಂದರೆ ನನಗೆ ಆಗಿಬರುವುದಿಲ್ಲ ಎಂದು ದಾರಿಯುದ್ದಕ್ಕೂ ಹುಡುಗಿಗೆ ಉಪದೇಶ ಬೇರೆ ಮಾಡಿದೆ. ಈಗ ಅದು ನೆನಪಾದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಆಕೆಯ ಸಮಾಜದ ಹಿರಿಯರು ನಡೆಸುವ ಒಂದು ಟ್ರಸ್ಟ್ ಇತ್ತು. ಚಹಾ ಕುಡಿಸಿ, ಡಾಕ್ಟರ್ ಓದುವುದಿದ್ದರೆ ಹೇಳಿ ಎಂದು ಕಳಿಸಿದರು. ಬ್ಯಾಂಕಿನ ಮ್ಯಾನೇಜರ್ ಒಳ್ಳೆಯ ಮನುಷ್ಯ, ಅರ್ಧ ತಾಸು ಕೂರಿಸಿಕೊಂಡು ಮಾತಾಡಿದರು. "ಜರ್ಮನ್ ಸಾಹಿತ್ಯಾ ಓದಿದ ಮ್ಯಾಲ ಪಗಾರ ಎಷ್ಟ್ ಬರ್ತೈತ್ರಿ? ನಾ ಫೈಲಿನಾಗ ಏನಂತ ಬರೀಲ್ರಿ?" ಎಂದು ಕೇಳಿದರು. ನಾನು ನನ್ನ ಪಗಾರ ಹೇಳಲಿಲ್ಲ. ಅಡವಿಡಲು ಏನಾದರೂ ಇದೆಯೇ ಎಂದರೆ, ಟೇಲರ್ ಅಂಗಡಿ ಬಾಡಿಗೆಯದು, ಮನೆ ಇನ್ನೂ ತೀರಿಹೋದ ಅಜ್ಜಿಯ ಹೆಸರಿನಲ್ಲಿದ್ದು ಐದು ಜನ ವಾರಸುದಾರರು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಇನ್ನು ಜರ್ಮನಿಯ ಕಡೆ. ಅಲ್ಲಿ ಎಂ.ಎ. ಓದುವವರಿಗೆ ಹಣ ಕೊಡುವ ನಿಧಿಗಳು ಹಲವು ಇವೆ, ಆದರೆ ಹೆಚ್ಚಿನವು ಮೊದಲು ಬಂದು ಒಂದು ಸೆಮಿಸ್ಟರ್ ಓದಿ ತೋರಿಸು, ಆಮೇಲೆ ಕೇಳು ಎನ್ನುತ್ತವೆ. ವೀಸಾದವರು ಮೊದಲು ಹಣ ತೋರಿಸು, ಆಮೇಲೆ ಬಾ ಎನ್ನುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಮಾರ್ಚ್ ತಿಂಗಳೆಲ್ಲ ಇಂಥ ನಿಯಮಾವಳಿಗಳನ್ನು ಓದಿ ಓದಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಕೊನೆಗೆ ಒಂದು ಸಣ್ಣ ಪ್ರತಿಷ್ಠಾನ ಸಿಕ್ಕಿತು. ಹೊರದೇಶಗಳಲ್ಲಿ ಜರ್ಮನ್ ಕಲಿತು, ಅದನ್ನೇ ಮುಂದೆ ಓದಲು ಬರುವವರಿಗೆಂದೇ ಇರುವ ನಿಧಿ. ಎರಡು ವರ್ಷ ತಿಂಗಳ ಖರ್ಚು ಕೊಡುತ್ತಾರೆ, ಅವರ ಪತ್ರವಿದ್ದರೆ ವೀಸಾಕ್ಕೆ ಬೇರೆ ಹಣ ತೋರಿಸಬೇಕಿಲ್ಲ. ಒಂದೇ ಷರತ್ತು, ಪದವಿ ಮುಗಿದು ನಾಲ್ಕು ವರ್ಷ ದಾಟಿರಬಾರದು. ಆಕೆಗೆ ಅದೇ ಕೊನೆಯ ವರ್ಷ. ಅರ್ಜಿಯ ಜೊತೆ ಇಬ್ಬರು ಗುರುಗಳ ಶಿಫಾರಸು ಪತ್ರ. ಗುರುಗಳು ತಾವೇ ಬರೆದು, ತಮ್ಮ ಇ-ಮೇಲ್‌ನಿಂದ ನೇರವಾಗಿ ಕಳಿಸಬೇಕು, ಅಭ್ಯರ್ಥಿಗೆ ತೋರಿಸಬಾರದು. ಒಂದು ಪತ್ರ ನನ್ನದು. ಇನ್ನೊಂದು ಕಾಲೇಜಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥರದು.

ಮುಖ್ಯಸ್ಥರು ನಿವೃತ್ತಿಯ ಹೊಸ್ತಿಲಲ್ಲಿದ್ದ, ಯಾರಿಗೂ ಇಲ್ಲ ಅನ್ನದ ಮನುಷ್ಯ. ಕೇಳಿದ ತಕ್ಷಣ, "ನೀವ ಬರೀರಿ ಮ್ಯಾಡಮ್, ನಿಮಗ ಗೊತ್ತಿದ್ದಷ್ಟು ನನಗೇನ್ ಗೊತ್ತೈತಿ" ಅಂದರು. ಇದು ಹೊಸದೇನಲ್ಲ. ನಮ್ಮ ಕಡೆ ಶಿಫಾರಸು ಪತ್ರವೆಂದರೆ ದೊಡ್ಡವರ ಸಹಿ ಮತ್ತು ಶಿಕ್ಕಾ. ಬರೆಯುವವರು ಯಾರಾದರೂ ಆಗಬಹುದು, ಎಷ್ಟೋ ಸಲ ವಿದ್ಯಾರ್ಥಿಯೇ ಬರೆದು ತರುತ್ತಾನೆ. ಅವರು ಸಹಿ ಮಾಡಿಕೊಟ್ಟ ಖಾಲಿ ಲೆಟರ್‌ಹೆಡ್‌ಗಳು ನನ್ನ ಕಪಾಟಿನಲ್ಲಿ ಯಾವಾಗಲೂ ನಾಲ್ಕೈದು ಇರುತ್ತಿದ್ದವು. ಅವರ ಇ-ಮೇಲ್ ಖಾತೆ ತೆರೆದುಕೊಟ್ಟವಳೂ ನಾನೇ, ಅದರ ಪಾಸ್‌ವರ್ಡ್ ಅವರಿಗಿಂತ ಚೆನ್ನಾಗಿ ನನಗೆ ನೆನಪಿತ್ತು. ಎಂಟು ವರ್ಷದಿಂದ ಹೀಗೇ ನಡೆದು ಬಂದಿತ್ತು. ಇದನ್ನು ಸುಳ್ಳು ಕಾಗದವೆಂದು ನಾನು ಒಂದು ದಿನವೂ ಅಂದುಕೊಂಡಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡೂ ಪತ್ರ ಬರೆದೆ. ಮೊದಲು ಮುಖ್ಯಸ್ಥರದು. ಅದು ತೂಕದ ಪತ್ರ, ಅದರಲ್ಲಿ ಸತ್ವವಿರಬೇಕು. ಹಾಗಾಗಿ ಬಸ್ಸಿನ ನೋಟ್‌ಬುಕ್, ಕೋಳಿಯ ಟಿಕೆಟ್, ಜರ್ಮನ್‌ನಲ್ಲೂ ಮುದುಕಿಯಾಗಿಯೇ ಉಳಿದ ಆ ಮುದುಕಿ, ಎಲ್ಲವನ್ನೂ ಅದರಲ್ಲಿ ಬರೆದೆ. ಬರೆಯುತ್ತ ಬರೆಯುತ್ತ ನನ್ನ ಕಣ್ಣೇ ತುಂಬಿ ಬಂತು. ಆಮೇಲೆ ನನ್ನ ಪತ್ರ. ಅತಿಥಿ ಉಪನ್ಯಾಸಕಿಯ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಶ್ರದ್ಧೆ, ಶಿಸ್ತು, ಹಾಜರಾತಿ, ಅಂಕಗಳು ಎಂದು ಹತ್ತು ಸಾಲು ಗೀಚಿ ಮುಗಿಸಿದೆ. ಹೇಳಿದ್ದನ್ನೇ ಮತ್ತೆ ಹೇಳಬಾರದೆಂಬ ಎಚ್ಚರಿಕೆ ನನಗಿತ್ತು. ಎರಡನ್ನೂ ಕಳಿಸಿ ಕೆಳಗಿಳಿದು ಚಹಾ ಕುಡಿದೆ.

ಮೇ ತಿಂಗಳಲ್ಲಿ ಹುಡುಗಿ ಎರಡನೆಯ ಸುತ್ತಿಗೆ ಬಂದಳು. ವಿಡಿಯೊ ಸಂದರ್ಶನ ನನ್ನ ಕೋಣೆಯಲ್ಲೇ ಆಯಿತು, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿನಿಂದ ನಗು ಕೇಳಿಸಿತು. ಆಯ್ಕೆಯವರನ್ನು ನಗಿಸಿ ಬಂದವಳು ಸೋತಿರಲಾರಳು ಎಂದು ಅಂದೇ ಪೇಢೆ ತಂದೆ.

ಎರಡು ದಿನ ಬಿಟ್ಟು, ಮಧ್ಯಾಹ್ನ ಮೂರಕ್ಕೆ, ಆ ಪ್ರತಿಷ್ಠಾನದಿಂದ ನನಗೇ ಕರೆ ಬಂತು. ಕೊನೆಯ ಪಟ್ಟಿಗೆ ಬಂದವರ ಗುರುಗಳ ಜೊತೆ ಐದು ನಿಮಿಷ ಮಾತಾಡುವುದು ಅವರ ಪದ್ಧತಿಯಂತೆ. ಮಾತಾಡಿದ ಹೆಂಗಸು ತುಂಬ ಸೌಮ್ಯ. ನಿಮ್ಮ ಪತ್ರ ಚಿಕ್ಕದಾಗಿದೆ, ಈಕೆಯ ಭಾಷೆಯ ಬಗ್ಗೆ ಒಂದು ಉದಾಹರಣೆ ಕೊಡುತ್ತೀರಾ ಎಂದು ಕೇಳಿದರು. ನೋಟ್‌ಬುಕ್ಕಿನ ಮಾತು ಬಾಯಿಯ ತುದಿಗೆ ಬಂದು ನಿಂತಿತು. ಅದು ಮುಖ್ಯಸ್ಥರ ಪತ್ರದಲ್ಲಿದ್ದ ಮಾತು, ನಾನು ಹೇಳುವ ಹಾಗಿರಲಿಲ್ಲ. ಏನೋ ವ್ಯಾಕರಣ ಶುದ್ಧಿ ಎಂದು ತೊದಲಿದೆ. ಕರೆ ಮುಗಿದ ಮೇಲೆ ಹೊಳೆಯಿತು. ಈಗ ಮುಖ್ಯಸ್ಥರಿಗೂ ಕರೆ ಹೋಗುತ್ತದೆ!

ಮುಖ್ಯಸ್ಥರು ನೆಂಟರ ಮದುವೆಗೆಂದು ಟಿಕೋಟಾಕ್ಕೆ ಹೋಗಿದ್ದರು. ಆರು ಸಲ ಹಚ್ಚಿದ ಮೇಲೆ ಫೋನ್ ಎತ್ತಿದರು, ಹಿಂದೆ ಬ್ಯಾಂಡಿನ ಗದ್ದಲ.

"ಬಂದಿತ್ರಿ ಫೋನು, ಈಗರೆ ಮಾತಾಡಿದೆ. ಭಾಳ ಮರ್ಯಾದಸ್ಥ ಹೆಣ್ಮಗಳು" ಅಂದರು.

"ಏನ್ ಕೇಳಿದ್ರು ಸರ್?"

"ನೋಟ್‌ಬುಕ್ ಬಗ್ಗೆ ಕೇಳಿದ್ರು. ಎಲ್ಲಾ ನೋಟ್‌ಬುಕ್ ಟೈಮಿಗೆ ಸರಿಯಾಗಿ ಸಬ್‌ಮಿಟ್ ಮಾಡ್ಯಾಳ, ಭಾಳ ಸಭ್ಯ ಹುಡುಗಿ ಅಂತ ಹೇಳಿಬಿಟ್ಟೆ. ಕೋಳಿದೇನೋ ಕೇಳಿದ್ರು, ಅದು ತಿಳೀಲಿಲ್ಲ. ನಕ್ಕು ಬಿಟ್ಟೆ. ಯಾಕ್ರಿ?"

ಆಮೇಲೆ ಹೇಳ್ತೇನ್ರಿ ಎಂದು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ನನ್ನ ಇ-ಮೇಲ್‌ಗೂ ಮುಖ್ಯಸ್ಥರ ಇ-ಮೇಲ್‌ಗೂ ಪ್ರತಿಷ್ಠಾನದಿಂದ ಒಂದೇ ಪತ್ರ ಬಂದಿತ್ತು. ಮುಖ್ಯಸ್ಥರ ಹೆಸರಿನ ಪತ್ರವನ್ನು ಬರೆದವರು ಯಾರು ಎಂದು ಮೂರು ದಿನದೊಳಗೆ ಇಬ್ಬರೂ ತಿಳಿಸಬೇಕು. ಟಿಕೋಟಾದ ಬಸ್ಸು ಹತ್ತಿದೆ. ಮುಖ್ಯಸ್ಥರು ಮದುವೆ ಪೆಂಡಾಲಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ವಿಷಯ ತಿಳಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ, ಅರ್ಥವೇ ಆಗಲಿಲ್ಲ.

"ಎಲ್ಲಾರೂ ಹಿಂಗ ಮಾಡ್ತಾರಲ್ರಿ ಮ್ಯಾಡಮ್? ಸಹಿ ನಂದ ಐತಿ, ಜವಾಬ್ದಾರಿ ನಂದು. ನಾನ ಬರ್ದೇನಿ ಅಂತ ಹೇಳೋಣು. ವಯಸ್ಸಾತು, ಮರವು, ಮದಿವಿ ಗದ್ದಲದಾಗ ಏನ್ ಕೇಳಿದ್ರೋ ತಿಳೀಲಿಲ್ಲ ಅಂತ ಬರೀರಿ. ಹುಡುಗಿ ಬಾಳಿನ ಪ್ರಶ್ನೆ ಐತಿ."

ನನಗೂ ಅದೇ ಸರಿಯೆನಿಸಿತು. ಒಂದು ಸುಳ್ಳಿನ ಮೇಲೆ ಇನ್ನೊಂದು ಸಣ್ಣ ಸುಳ್ಳು, ಯಾರಿಗೆ ನಷ್ಟ? ಆದರೆ ಇಷ್ಟಾದ ಮೇಲೂ ಹುಡುಗಿಗೆ ಒಂದು ಮಾತೂ ಗೊತ್ತಿರಲಿಲ್ಲ. ಅವಳಿಗೆ ತಿಳಿಸದೆ ಇನ್ನೊಂದು ಸಾಲು ಬರೆಯಲು ಧೈರ್ಯ ಸಾಲಲಿಲ್ಲ.

ಬಬಲೇಶ್ವರದಲ್ಲಿ ಟೇಲರ್ ಅಂಗಡಿ ತುಂಬ ಸಾಲೆ ಯೂನಿಫಾರ್ಮಿನ ನೀಲಿ ಪ್ಯಾಂಟುಗಳ ರಾಶಿ. ಜೂನ್ ಹತ್ತಿರ ಬಂದಿತ್ತಲ್ಲ. ಹುಡುಗಿ ಒಂದು ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಳು. ಆಕೆಯ ಅಪ್ಪ ಮಶೀನಿನಿಂದ ಎದ್ದು, ಸ್ಟೂಲು ಒರೆಸಿ ಕೊಟ್ಟರು. ನಾನು ಒಂದೂ ಬಿಡದೆ ಹೇಳಿದೆ. ಹೇಳುವಾಗ ಅಳು ಬಂತು, ಅತ್ತೆ. ಹುಡುಗಿ ತಲೆ ಎತ್ತಲಿಲ್ಲ, ಸೂಜಿಯೂ ನಿಲ್ಲಲಿಲ್ಲ.

ಟೇಲರ್ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು:

"ಮ್ಯಾಡಮ್ರಿ, ಸೀಜನ್‌ದಾಗ ಇಷ್ಟು ನನ್ನೊಬ್ಬನ ಕೈಲೆ ಆಗಂಗಿಲ್ರಿ. ಓಣಿ ಹೆಣ್ಮಕ್ಕಳಿಗೆ ಕೊಟ್ಟು ಹೊಲಿಸ್ತೇನಿ, ಮ್ಯಾಲ ನನ್ನ ಅಂಗಡಿ ಲೇಬಲ್ ಹಚ್ತೇನಿ. ಎಲ್ಲಾರೂ ಮಾಡೋದ ಐತಿ. ಆದ್ರ ಹೊಲಿಗಿ ಬಿಚ್ಚೇತಿ ಅಂತ ಗಿರಾಕಿ ವಾಪಸ್ ಬಂದು, ಇದನ್ನ ನೀವ ಹೊಲದೀರೇನು ಅಂತ ಕೇಳಿದ್ರ, ಹೌದು ಅಂತ ಅನ್ನಂಗಿಲ್ಲ ನೋಡ್ರಿ. ಕೇಳೂದಕಿಂತ ಮೊದಲ ಅವಂಗ ಗೊತ್ತಾಗಿರ್ತೈತಿ."

"ಅಂದ್ರ ಖರೇ ಹೇಳಂತೀರೇನು? ಹೇಳಿದ್ರ ಎಲ್ಲಾ ಕಳಕೋಬಹುದ್ರಿ."

"ನಾ ಹೇಳವ ಯಾರ್ರಿ? ಆಕೀನ ಕೇಳ್ರಿ."

ಹುಡುಗಿ ದಾರವನ್ನು ಹಲ್ಲಿನಿಂದ ಕಡಿದಳು. "ಅವರು ನಾಳೆ ಮತ್ತ ಸರಿಗೆ ಫೋನ್ ಮಾಡಿ ಕೋಳಿ ಬಗ್ಗೆ ಕೇಳಿದ್ರ ಏನ್ ಮಾಡ್ತೀರಿ ಮ್ಯಾಡಮ್? ಸರ್‌ಗ ನನ್ನ ಹೆಸರರೆ ನೆನಪೈತೇನ್ರಿ?"

ನೆನಪಿರಲಿಲ್ಲ. ಟಿಕೋಟಾದಲ್ಲಿ ಅವರು ಎರಡು ಸಲ ಬೇರೆ ಹೆಸರು ಹೇಳಿದ್ದರು. ಅದನ್ನು ನಾನು ಆಕೆಗೆ ಹೇಳಲಿಲ್ಲ.

ಅಂದೇ ಸಂಜೆ ವಿಜಯಪುರಕ್ಕೆ ಮರಳಿ ನಿಜ ಬರೆದೆ. ಪತ್ರ ನಾನು ಬರೆದದ್ದು, ಅದರ ಪ್ರತಿಯೊಂದು ಮಾತೂ ನಾನು ಕಣ್ಣಾರೆ ಕಂಡದ್ದು, ಅಭ್ಯರ್ಥಿಗೆ ಏನೂ ತಿಳಿದಿರಲಿಲ್ಲ, ಶಿಕ್ಷೆ ಇದ್ದರೆ ನನಗಿರಲಿ. ಮುಖ್ಯಸ್ಥರಿಗೆ ಮೊದಲೇ ಫೋನ್ ಮಾಡಿ, ನಿಮ್ಮ ಹೆಸರಿನಲ್ಲಿ ಬೇರೆ ಉತ್ತರ ಬರೆಯುವುದಿಲ್ಲವೆಂದು ತಿಳಿಸಿದೆ. "ಹೇಳೇ ಬಿಡ್ತೀರ್ಯಾ?" ಎಂದು ಕೇಳಿ ಫೋನ್ ಇಟ್ಟರು. ನೋಟ್‌ಬುಕ್ಕಿನ ಕೋಳಿಯ ಜಗಳವಿದ್ದ ಹತ್ತು ಪುಟಗಳನ್ನು ಹುಡುಗಿಯಿಂದ ಇಸಿದುಕೊಂಡು ತಂದಿದ್ದೆ, ಅವುಗಳ ಫೋಟೊ ತೆಗೆದು ಪತ್ರಕ್ಕೆ ಜೋಡಿಸಿ ಕಳಿಸಿದೆ.

ಎಂಟು ದಿನ ಉತ್ತರವಿಲ್ಲ. ಕ್ಲಾಸಿನಲ್ಲಿ ಯಾರು ಏನು ತಪ್ಪು ಓದಿದರೂ ತಿದ್ದದೆ ಬಿಟ್ಟೆ. ಒಂಬತ್ತನೆಯ ದಿನ ಪ್ರತಿಷ್ಠಾನದ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಕೃತಜ್ಞತೆಗಳು. ಪುಟಗಳನ್ನು ಸಂತೋಷದಿಂದ ಓದಿದೆವು. ಅಭ್ಯರ್ಥಿಯ ತಪ್ಪಿಲ್ಲ ಎಂದು ನಂಬುತ್ತೇವೆ. ಆದರೆ ನಿಯಮದಂತೆ ಎರಡು ಸಿಂಧುವಾದ ಪತ್ರಗಳಿಲ್ಲದ ಅರ್ಜಿಯನ್ನು ಪರಿಗಣಿಸುವಂತಿಲ್ಲ, ಹೊಸ ಪತ್ರ ಪಡೆಯುವ ಅವಧಿ ಮುಗಿದಿದೆ. ಅರ್ಹತೆಯಿದ್ದರೆ ಮುಂದಿನ ವರ್ಷ ಮತ್ತೆ ಪ್ರಯತ್ನಿಸಬಹುದು. ಮುಂದಿನ ವರ್ಷ ಆಕೆಗೆ ಅರ್ಹತೆಯೇ ಇರುವುದಿಲ್ಲ ಎಂದು ವಿನಂತಿಸಿ ಮೂರು ಸಲ ಬರೆದೆ. ಮೂರು ಸಲವೂ ಅಷ್ಟೇ ಸೌಮ್ಯವಾದ, ಅಷ್ಟೇ ಚಿಕ್ಕ ಉತ್ತರ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅದಕ್ಕೂ ಅವರು ಆಸ್ಪದ ಕೊಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ತಟ್ಟಿ ಕೆಡವಿದ ಕೈ ನನ್ನದೇ ಆಗಿತ್ತು.

ಮುಖ್ಯಸ್ಥರು ಹೇಳಿದ ಸುಳ್ಳನ್ನು ಹೇಳಿದ್ದರೆ ಏನಾಗುತ್ತಿತ್ತು? ನಡೆದುಹೋಗುತ್ತಿತ್ತೇನೋ. ಇವತ್ತಿಗೂ ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ.

ಜೂನ್ ಕೊನೆಗೆ ಕಾಲೇಜಿನ ಸಿಪಾಯಿ ಒಂದು ಲಕೋಟೆ ತಂದು ಕೊಟ್ಟ. ಬೇರೊಬ್ಬ ವಿದ್ಯಾರ್ಥಿಗೆ ಪತ್ರ ಬೇಕಿತ್ತಂತೆ. ಒಳಗೆ ನಾಲ್ಕು ಖಾಲಿ ಲೆಟರ್‌ಹೆಡ್, ಕೆಳಗೆ ಮುಖ್ಯಸ್ಥರ ಸಹಿ. ಕಪಾಟಿನಲ್ಲಿದ್ದ ಹಳೆಯವನ್ನೂ ಸೇರಿಸಿ ಹಾಗೇ ವಾಪಸ್ ಕಳಿಸಿದೆ. ಅವರು ಅವನ್ನು ಇನ್ಯಾರಿಗೋ ಕೊಟ್ಟಿರುತ್ತಾರೆ.

ಹುಡುಗಿ ಜುಲೈನಲ್ಲಿ ನರ್ಸಿಂಗ್ ತರಬೇತಿಯ ಕರಾರಿಗೆ ಸಹಿ ಮಾಡಿದಳು. ಜರ್ಮನಿಯ ಒಂದು ವೃದ್ಧಾಶ್ರಮ, ಮೂರು ವರ್ಷ, ಮೊದಲ ತಿಂಗಳಿನಿಂದ ಪಗಾರ. ಅವರಿಗೆ ಆಕೆಯಷ್ಟು ಜರ್ಮನ್ ಬಂದವರು ಸಿಕ್ಕಿರಲೇ ಇಲ್ಲವಂತೆ, ವಾರದಲ್ಲಿ ಎಲ್ಲ ಮುಗಿಯಿತು. ಆ ಕಾಗದಗಳನ್ನು ನಾನೇ ತುಂಬಿಕೊಟ್ಟೆ. ಎಂಟು ವರ್ಷದಿಂದ ಕಣ್ಣು ಮುಚ್ಚಿ ತುಂಬುತ್ತಿದ್ದ ನಮೂನೆಗಳು ಅವು, ಅವತ್ತು ಎರಡು ಕಡೆ ತಪ್ಪಿದೆ.

ಹೊರಡುವ ಮುಂಚೆ ಒಂದು ಮಧ್ಯಾಹ್ನ ಕೋಣೆಗೆ ಬಂದಳು. "ಎಲ್ಲಾ ಮುಗದೈತಲ್ರಿ, ಈಗರೆ ಆ ಎರಡೂ ಪತ್ರ ತೋರಸ್ರಿ" ಅಂದಳು. ಇಲ್ಲ ಅನ್ನಲು ನನಗೆ ಯಾವ ಮುಖವಿತ್ತು? ಪ್ರಿಂಟ್ ತೆಗೆದು ಕೊಟ್ಟೆ. ಮೊದಲು ನನ್ನ ಹೆಸರಿನ ಹತ್ತು ಸಾಲು ಓದಿ ಪಕ್ಕಕ್ಕಿಟ್ಟಳು. ಮುಖ್ಯಸ್ಥರ ಹೆಸರಿನದನ್ನು ಎರಡು ಸಲ ಓದಿದಳು. ಮುದುಕಿಯ ಭಾಗಕ್ಕೆ ಬಂದಾಗ ಸಣ್ಣಗೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ಇಷ್ಟ್ ಚಲೋ ಬರ್ದೀರಿ ಮ್ಯಾಡಮ್. ಇದನ್ನ ನಿಮ್ಮ ಹೆಸರ್ಲೆ ಯಾಕ ಬರೀಲಿಲ್ರಿ?"

"ನನ್ನ ಹೆಸರಿಗೆ ಏನ್ ಕಿಮ್ಮತ್ತೈತಿ ತಂಗಿ? ಮೂರು ತಾಸಿನಾಕಿ ನಾನು. ದೊಡ್ಡವರ ಸಹಿ ಇದ್ರ ತೂಕ ಬರ್ತೈತಿ ಅಂತ..."

"ಆದ್ರ ನನಗ ಜರ್ಮನ್ ಕಲಿಸಿದವರು ನೀವಲ್ರಿ?" ಅಂದಳು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಂತಿತ್ತು. ಮುಖ್ಯಸ್ಥರ ಹೆಸರಿನ ಪತ್ರವನ್ನು ಮಡಚಿ ನೋಟ್‌ಬುಕ್ಕಿನೊಳಗಿಟ್ಟುಕೊಂಡು, ನನ್ನ ಹೆಸರಿನದನ್ನು ಟೇಬಲ್ ಮೇಲೆ ಬಿಟ್ಟು, ನಾಲ್ಕರ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದಳು.